ಕತ್ತರಿಸಿದ ಕಾಲುಂಗುರ

ತಾಳವಾಡಿ
28-11-2024

ಪ್ರೀತಿಯ ತಂಗಿ ಅರ್ಚನಾಗೆ,

ಅಕ್ಕನ ಆಶೀರ್ವಾದ. ನನ್ನ ಕಾಲಿನ ಆಪರೇಷನ್ ಹೇಗಾಯಿತೆಂದು ನೀನು ಕೇಳಿದ್ದು ದಸರೆಯಲ್ಲಿ, ನಾನು ಉತ್ತರ ಬರೆಯುತ್ತಿರುವುದು ಈಗ. ಬೈಯಬೇಡ. ಫೋನು ಮಾಡಿದರೆ ಅತ್ತೆ ಪಕ್ಕದಲ್ಲೇ ಬಂದು ಕೂರುತ್ತಾರೆ, ಅದಕ್ಕೇ ಈ ಕಾಗದ.

ನಿನ್ನ ಕಾಲಿನ ಹೆಬ್ಬೆರಳ ಬುಡದಲ್ಲೂ ಗಂಟು ಎದ್ದಿದೆ ಎಂದೆಯಲ್ಲ, ಅವ್ವ ನಮಗಿಬ್ಬರಿಗೂ ಸಮಪಾಲು ಮಾಡಿ ಬಿಟ್ಟುಹೋದ ಆಸ್ತಿ ಅದೊಂದೇ. ಆಪರೇಷನ್ನಿಗೆ ಹೆದರಬೇಡ. ಮೂಳೆ ಕತ್ತರಿಸುವುದಿಲ್ಲ. ಹೆಬ್ಬೆರಳಿನ ಹಿಂದಿನ ಮೂಳೆ ಪಕ್ಕದ್ದನ್ನು ಬಿಟ್ಟು ದೂರ ಸರಿದಿರುತ್ತದಂತೆ. ಎರಡನ್ನೂ ಹತ್ತಿರಕ್ಕೆ ಎಳೆದು ಗಟ್ಟಿ ದಾರದಲ್ಲಿ ಕಟ್ಟುತ್ತಾರೆ, ಬೆರಳು ನೆಟ್ಟಗಾಗುತ್ತದೆ. ಕೊಯಮತ್ತೂರಿನ ಡಾಕ್ಟರು ತಮಿಳಿನಲ್ಲಿ ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ನೋವಿತ್ತು, ಸುಳ್ಳು ಹೇಳುವುದಿಲ್ಲ. ವಾಪಸ್ ಬರುವಾಗ ದಿಂಬಂ ಘಾಟಿಯ ಒಂದೊಂದು ತಿರುವೂ ಕಾಲಿಗೇ ಬಂದು ಬಡಿಯಿತು.

ಕಷ್ಟವಾದದ್ದು ಕಾಲುಂಗುರದ್ದು. ಹೆಬ್ಬೆರಳು ಒತ್ತಿ ಒತ್ತಿ, ಉಂಗುರ ಪಕ್ಕದ ಬೆರಳಿನ ಮಾಂಸದಲ್ಲಿ ಕೂತುಬಿಟ್ಟಿತ್ತು. ಕತ್ತರಿಸಲೇಬೇಕು ಎಂದರು ನರ್ಸು. ಮದುವೆಯ ದಿನ ನಿನ್ನ ಭಾವ ತೊಡಿಸಿದ್ದು, ಒಮ್ಮೆಯೂ ತೆಗೆದವಳಲ್ಲ ನಾನು. ಅತ್ತೆ ಫೋನಿನಲ್ಲೇ ಕೂಗಾಡಿದರು: "ಗಂಡ ಗುಂಡುಕಲ್ಲಂಗಿರುವಾಗ ಕಾಲುಂಗ್ರ ಕತ್ತರ್ಸದಾ?" ಊರಿಗೆ ಹೋಗೋಣ ಎಂದು ನಾನು ಎದ್ದೇಬಿಟ್ಟೆ. ಆಗ ನಿನ್ನ ಭಾವ, "ಸುಮ್ಕಿರಮ್ಮಿ, ಕಾಲು ವಾಸಿಯಾಗ್ಲಿ. ಒಸಾದು ತಂದು ನಾನೇ ಆಕ್ತೀನಿ" ಅಂದರು. ಆ ಮಾತು ನಂಬಿ ಕಾಲು ಚಾಚಿದೆ.

ಈಗ ಹೊಲದ ತನಕ ನಡೆಯುತ್ತೇನೆ. ಚಪ್ಪಲಿ ಒತ್ತುವುದಿಲ್ಲ. ಹೊಸ ಉಂಗುರ ತಂದಿದ್ದಾರೆ, ದೇವರ ಗೂಡಿನಲ್ಲಿದೆ. ದೀಪಾವಳಿಯಾಗಿ ಗುಮಟಾಪುರದ ಗೊರೆ ಹಬ್ಬ ಮುಗಿಯಲಿ ಎಂದರು, ಆಮೇಲೆ ಕೋಸಿನ ಕಟಾವು ಎಂದರು. ಅವರಿಗೂ ಕೆಲಸ. ಅತ್ತೆ ಮಾತ್ರ ನನ್ನ ಬರಿ ಬೆರಳು ಕಂಡಾಗಲೆಲ್ಲ ಮುಖ ತಿರುಗಿಸುತ್ತಾರೆ. ಮೊನ್ನೆ ಪಕ್ಕದ ಮನೆಯ ಸೀಮಂತಕ್ಕೆ ನನ್ನನ್ನು ಬಿಟ್ಟು ಹೋದರು. ಸಾಕಾಗಿದೆ ಅರ್ಚನಾ.

ನೀನು ತಡ ಮಾಡದೆ ಮಾಡಿಸಿಕೊ. ನಿನ್ನ ಮಕ್ಕಳು, ಯಜಮಾನರು ತಣ್ಣಗಿರಲಿ. ನಿನ್ನ ಕಾಲಿಗೆ ಮುಳ್ಳೂ ಚುಚ್ಚದಿರಲಿ.

ನಿನ್ನ ಅಕ್ಕ
ಲೋಕೇಶ್ವರಿ

ತಾ.ಕ.: ಕೋಸು ಗೀಸು ಎಲ್ಲ ನೆಪ. ಈ ಕಾಗದ ಬರೆದಿಟ್ಟ ಮೇಲೆ, ನಿನ್ನೆ ನಾನೇ ಗೂಡಿನಿಂದ ಉಂಗುರ ತಂದು ಅವರ ಮುಂದೆ ಕಾಲು ಚಾಚಿ ಕೂತೆ. "ಈ ವಯಸ್ನಲ್ಲಿ ಎಂಡ್ತಿ ಕಾಲಿಡ್ಕಂಡು ಕೂತ್ರ ನೋಡ್ದೋರು ನಗಲ್ವಾ? ನೀನೇ ಆಕ್ಕೊ" ಅಂದು ಎದ್ದು ಹೋದರು. ಮನೆಯಲ್ಲಿ ಆಗ ಇದ್ದವರು ನಾವಿಬ್ಬರೇ ಕಣೇ. ನಾನೇ ಹಾಕಿಕೊಂಡೆ. ಬೆರಳು ನೆಟ್ಟಗಾಗಿದೆಯಲ್ಲ, ಸಲೀಸಾಗಿ ಹೋಯಿತು.