ಅಚ್ಚಾಗದ ಪ್ಯಾರಾ

ಬಿಕರ್ನಕಟ್ಟೆ, ಮಂಗಳೂರು
12 ನವೆಂಬರ್ 2024

ಪ್ರೀತಿಯ ನೊರ್ಬರ್ಟ್ ಅಂಕಲ್‌ಗೆ ಮೆರ್ಲಿನ್ ಮಾಡುವ ವಂದನೆಗಳು.

ನಾನು ಇಸಿದೋರ್ ಮಾಮನ ತಂಗಿಯ ಮಗಳು. ನಮ್ಮ ಚರ್ಚಿನ ಸ್ಮರಣ ಸಂಚಿಕೆಯಲ್ಲಿ ಮಾಮನ ಕ್ರಿಕೆಟ್ ಜೀವನದ ಬಗ್ಗೆ ಬರೆದವಳು ನಾನೇ. ವಾಮಂಜೂರಿನ ನಿಮ್ಮ ಮನೆಗೆ ಅದರ ಪ್ರತಿ ಕಳಿಸಿ ಮೂರು ವಾರವಾಯಿತು.

ಓದಿ ನಿಮಗೆ ನೋವಾಗಿರಬೇಕು. ಮುಂಬಯಿಯ ಕಂಪೆನಿಯೊಂದು ಹೆಸರಿಗೆ ಗುಮಾಸ್ತನೆಂದು ಇಟ್ಟುಕೊಂಡು ಮಾಮನನ್ನು ಹನ್ನೊಂದು ವರ್ಷ ಬೌಂಡರಿ ಗೆರೆಯಲ್ಲಿ ಓಡಿಸಿದ್ದು, ಅಲ್ಲಿಂದ ಅವರು ಎಸೆದ ಚೆಂಡು ನೇರ ಕೀಪರನ ಕೈಸೇರುತ್ತಿದ್ದದ್ದು, ಭುಜ ಹೋದ ಮೇಲೆ ಅದೇ ಕಂಪೆನಿ ಅವರನ್ನು ನಿಜವಾಗಿಯೂ ಗುಮಾಸ್ತನನ್ನಾಗಿ ಮಾಡಿದ್ದು, ಎಲ್ಲ ಅದರಲ್ಲಿದೆ. 1957ರ ಕಂಪೆನಿ ತಂಡಗಳ ಫೈನಲ್‌ನಲ್ಲಿ ಅವರು ಹಿಡಿದ ನಿಮ್ಮ ಕ್ಯಾಚನ್ನು ‘ಅದ್ಭುತ’ ಎಂದೂ ಬರೆದಿದ್ದೇನೆ.

ಆ ಚೆಂಡು ನೆಲಕ್ಕೆ ತಾಗಿತ್ತು. ಮಾಮನೇ ನನಗೆ ಹೇಳಿದರು: “ಹುಲ್ಲಿಗೆ ತಾಗಿದ್ದು ನನ್ನ ಬೆರಳಿಗೆ ಗೊತ್ತುಂಟು. ಅಂಪೈರ್ ದೂರ ಇದ್ದ, ನಾನು ಬಾಯಿ ಬಿಡ್ಲಿಲ್ಲ. ಔಟಲ್ಲ ಅಂತ ವಾದಿಸಿದ ನೊರ್ಬರ್ಟ್ ಸುಳ್ಳುಗಾರ ಅಂತ ಆಯ್ತು, ಅವನ ಕಂಪೆನಿಯ ಕೆಲಸವೂ ಹೋಯ್ತು. ಇದನ್ನು ಬರಿ ಮಾರಾಯ್ತಿ.”

ಬರೆದೆ. ಅವರು ನಿಮ್ಮಲ್ಲಿ ಕೇಳಿದ ಕ್ಷಮೆಯನ್ನೂ ಸೇರಿಸಿದೆ. ಅಚ್ಚಿಗೆ ಕೊಡುವ ಮುನ್ನ ಅಷ್ಟನ್ನೂ ಅಳಿಸಿದೆ. ಅವರ ಮಾನ ಕಾಯುತ್ತಿದ್ದೇನೆ ಎಂದುಕೊಂಡೆ. ಕಾದದ್ದು ಅವರ ಮಾನವನ್ನೋ, ಅಂಥವರ ಮನೆಯವಳೆಂಬ ನನ್ನ ಹೆಮ್ಮೆಯನ್ನೋ, ಈಗ ಖಚಿತವಿಲ್ಲ.

ಮಾಮನಿಗೆ ಕಣ್ಣು ಕಾಣುವುದಿಲ್ಲ. ದಿನದ ಪೇಪರಿನಂತೆ ಸಂಚಿಕೆಯನ್ನೂ ನಾನೇ ಓದಿ ಹೇಳಬೇಕಾಯಿತು. ಫೈನಲ್‌ನ ಭಾಗ ಬಂದಾಗ ಅವರು ಮುಂದಕ್ಕೆ ಬಾಗಿ ಕುಳಿತರು. ಅಳಿಸಿದ ಪ್ಯಾರಾ ನನಗೆ ಬಾಯಿಪಾಠವಿತ್ತು. ಪುಟ ನೋಡುತ್ತಲೇ ಅದನ್ನೂ ಓದಿದವಳಂತೆ ಹೇಳಿಬಿಟ್ಟೆ. ಅವರು ಶಿಲುಬೆಯ ಗುರುತು ಮಾಡಿದರು.

ಅಂದಿನಿಂದ ಫೋನಿನ ಪಕ್ಕದಲ್ಲೇ ಇದ್ದಾರೆ. ನೀವು ಎಲ್ಲವನ್ನೂ ಓದಿದಿರಿ, ಆದರೂ ಕ್ಷಮಿಸಲಿಲ್ಲ ಎಂದು ನಂಬಿದ್ದಾರೆ. ನಿನ್ನೆ ಊಟಕ್ಕೆ ಕರೆದರೆ, “ಅವನಿಗೆ ಸಿಟ್ಟು ಇರ್ಲೇಬೇಕಲ್ಲ. ನನಗೆ ಎಂತ ಊಟ?” ಎಂದರು.

ಅಳಿಸಿದ ಪುಟವನ್ನು ಇದರೊಂದಿಗೆ ಇಟ್ಟಿದ್ದೇನೆ. ಓದಿ, ಮನಸ್ಸು ಬಂದರೆ ಒಂದು ಫೋನ್ ಮಾಡಿ. ನಾನು ಅಳಿಸಿದ್ದೆ ಎಂಬುದನ್ನು ಮಾತ್ರ ಅವರಿಗೆ ಹೇಳಬೇಡಿ.

ನಿಮ್ಮ ಮುಂದೆ ತಲೆ ತಗ್ಗಿಸಿ,
ಮೆರ್ಲಿನ್

ತಾ.ಕ.: ಮೇಲೆ ‘ಅವರಿಗೆ ಹೇಳಬೇಡಿ’ ಎಂದ ಸಾಲನ್ನು ಹೊಡೆದುಹಾಕಿ. ಲಕೋಟೆಗೆ ಅಂಟು ಹಚ್ಚುವ ಮೊದಲು ಮಾಮನಿಗೆ ಎಲ್ಲವನ್ನೂ ಹೇಳಿದೆ. “ಹಾಗಾದ್ರೆ ನಾನು ಒಪ್ಪಿಕೊಂಡದ್ದು ಅವನಿಗೆ ಗೊತ್ತೇ ಇಲ್ಲ!” ಎಂದು ಜೋರಾಗಿ ನಕ್ಕರು. ಬರುವ ಆದಿತ್ಯವಾರ ನಿಮ್ಮ ಮನೆಗೆ ಬಂದು ಬಾಯಾರೆ ಹೇಳುತ್ತಾರಂತೆ. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಕೈತೊಳೆದು ಬಂದು, ನಾಳೆಯಿಂದ ಪೇಪರ್ ನೀನು ಓದು ಎಂದು ನನ್ನ ಗಂಡ ರೂಬನ್‌ಗೆ ಹೇಳಿದರು.