ಸನ್ಯಾಸಿಯ ಪಹಣಿ

ರಾರಾವಿ,
ಶ್ರಾವಣದ ಕಡೆಯ ಸೋಮವಾರ, 18-8-2025

ಪೂಜ್ಯರೇ ಎಂದು ಬರೆಯಲು ಕೈ ಬರಲಿಲ್ಲ. ರೀ ಎಂದು ಕರೆಯುವುದು ಇನ್ನು ಬೇಡವೆಂದು ಮಠ ಸೇರುವ ದಿನ ನೀವೇ ಹೇಳಿದಿರಿ. ಆದ್ದರಿಂದ ಖಾತೇದಾರರಿಗೆ ಶರಣು.

ಇವತ್ತು ನನ್ನದು ಒಪ್ಪತ್ತು. ಕಸ ಹೊಡೆದು, ಎಮ್ಮೆಯ ಹಾಲು ಹಿಂಡಿ, ಲಿಂಗಪೂಜೆ ಮುಗಿಸಿ ಕುಂತಿದ್ದೇನೆ. ಉಪವಾಸದ ದಿನ ಸುಳ್ಳು ಬರೆಯಬಾರದು, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಪಾದಪೂಜೆಗೆಂದು ದಿನಾ ಅಷ್ಟು ಮಂದಿ ಕಾಲು ತಿಕ್ಕಿ ತೊಳೆಯುತ್ತಾರಂತೆ, ಇಷ್ಟೊತ್ತಿಗೆ ವಾಸಿಯಾಗಿರಬೇಕು. ಇಲ್ಲಿ ಕೆಸರಿನಲ್ಲಿ ನಿಂತು ನಿಂತು ನನ್ನ ಕಾಲ್ಬೆರಳ ಸಂದಿಯೆಲ್ಲ ಹುಣ್ಣಾಗಿದೆ, ಅರಿಶಿನ ಹಚ್ಚಿದ್ದೇನೆ. ಮಗಳು ಗಂಗೋತ್ರಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ನಿಮ್ಮನ್ನು ಕೇಳಲಿಲ್ಲ.

ಹೊಳೆ ಏರಿ, ನಾಟಿ ಮಾಡಿದ ಭತ್ತವೆಲ್ಲ ಮುಳುಗಿತು. ಕಂದಾಯದ ವಿ.ಎ. ಸಾಹೇಬರು ಬಂದು ನನ್ನನ್ನು ನೀರಿನಲ್ಲಿ ನಿಲ್ಲಿಸಿ ಫೋಟೋ ಹೊಡೆದರು. ಪರಿಹಾರ ನನಗೆ ಯಾವಾಗ ಬರುತ್ತದೆ ಎಂದು ಕೇಳಿದೆ. "ನಿನಗ್ಯಾಕ ಬರ್ತೈತವ್ವಾ? ಪಹಣಿ ನಿಮ್ಮ ಯಜಮಾನರ ಹೆಸರಿನಾಗ ಐತಿ, ಅವರ ಖಾತಿಗೇ ಬೀಳ್ತೈತಿ. ಹೋದ ವರ್ಷದ್ದೂ ಅವರಿಗೇ ಹೋಗೈತಿ, ಕಿಸಾನ್ ದುಡ್ಡೂ ಅವರಿಗೇ" ಎಂದರು. ಏನೂ ಕೊಡಲಿಲ್ಲವೆಂದು ನಾನು ವರ್ಷವೆಲ್ಲ ಸರ್ಕಾರವನ್ನು ಬೈದಿದ್ದೆ. ಪಾಪ, ಸರ್ಕಾರ. ಸಂಸಾರ ಬಿಟ್ಟಿರಿ, ಮಂಚ ಬಿಟ್ಟಿರಿ, ಉಳ್ಳಾಗಡ್ಡಿ ಬಿಟ್ಟಿರಿ. ಸಬ್ಸಿಡಿ ಒಂದು ಬಿಡಲಿಲ್ಲ. ಪಕ್ಕದ ಮನೆ ಹಂಪಮ್ಮ ನಿಮ್ಮ ಮಠಕ್ಕೆ ಬಂದುಹೋಗಿ "ಸ್ವಾಮೇರು ಅಮಾಸಿ ಅಮಾಸಿಗೆ ಎಷ್ಟು ಛಲೋ ದಾಸೋಹ ಮಾಡ್ತಾರ" ಎಂದು ಹೊಗಳಿದಾಗ ನಾನೂ ಕೈ ಮುಗಿದಿದ್ದೆ. ಕಾಯಕ ನನ್ನದು, ದಾಸೋಹ ನಿಮ್ಮದು! ಯಾವ ಶರಣರು ಹೇಳಿಕೊಟ್ಟರು ಇದನ್ನು?

ಸಿರುಗುಪ್ಪದ ತಾಲೂಕು ಕಚೇರಿಗೆ ಹೋಗಿ, ಖಾತೆ ನನ್ನ ಹೆಸರಿಗೆ ಮಾಡಿರೆಂದೆ. "ಯಜಮಾನರು ತೀರಿಕೊಂಡಾರೇನಮ್ಮ?" ಎಂದ ಗುಮಾಸ್ತ. ಹೌದೆಂದೆ. ದೀಕ್ಷೆಯ ದಿನ ನಿಮ್ಮ ಗುರುಗಳೇ ಊರ ಮುಂದೆ ಹೇಳಲಿಲ್ಲವೇ, ಈತ ಇಂದಿಗೆ ಈ ಮನೆಯ ಪಾಲಿಗೆ ಸತ್ತ ಎಂದು? ನಾನು ಗುರುವಿನ ಮಾತು ನಂಬಿದವಳು. ಹೆಸರು ಕೇಳಿದ. ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ ನಾನು. ಅವತ್ತು ಕಚೇರಿ ತುಂಬ ಕೇಳುವ ಹಾಗೆ ಹೇಳಿದೆ, ಗಾದಿಲಿಂಗಪ್ಪ ಅಂತ. ನಾಲಿಗೆ ಏನೂ ಬಿದ್ದುಹೋಗಲಿಲ್ಲ. ಮರಣದ ಸರ್ಟಿಫಿಕೇಟ್ ಎಲ್ಲಿ ಎಂದಾಗ, ಸತ್ತವರು ಕುರುಗೋಡಿನ ಹತ್ತಿರದ ಮಠದಲ್ಲಿ ಪ್ರವಚನ ಹೇಳುತ್ತಿದ್ದಾರೆ ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಮಾಸ್ತ ಮಾತ್ರ ನಗದೆ, "ಜೀವ ಇದ್ದೋರು ತಾವೇ ಬಂದು ಬರಕೊಡಬೇಕಮ್ಮ" ಎಂದ.

ನಿಮ್ಮ ಮೈಮೇಲಿನ ಕಾವಿಗೆ ನನ್ನ ಶರಣು. ಒಳಗಿರುವವರಿಗಲ್ಲ.

ಕೊಟ್ರಬಸಮ್ಮ

ಮತ್ತೆ: ಬರುವ ಗುರುವಾರ ಸಿರುಗುಪ್ಪದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು, ಹೊಲವನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಕೊಡಿ. ಕಾವಿ ಉಟ್ಟೇ ಬನ್ನಿ, ನನಗೇನಿಲ್ಲ. ಅಷ್ಟರೊಳಗೆ ಪರಿಹಾರ ಬಿದ್ದರೆ ಮುಟ್ಟಬೇಡಿ, ಮತ್ತೆ ನಾಟಿ ಮಾಡಲು ಸಸಿಗೆ ನನಗಿರುವುದು ಅದೊಂದೇ. ನೀವು ಬರದಿದ್ದರೆ ಶನಿವಾರದ ಅಮಾವಾಸ್ಯೆಗೆ ನಾನೇ ಬಂದು ಪಂಕ್ತಿಯಲ್ಲಿ ಕೂತು, ನೀವು ಬಡಿಸುವಾಗ ಈ ಅನ್ನ ಯಾರ ಹೊಲದ್ದೆಂದು ಕೇಳುತ್ತೇನೆ, ಗಟ್ಟಿಯಾಗಿ. ಈ ಪತ್ರ ತಂದ ಹಂಪಮ್ಮ ಮಠದ ಕಟ್ಟೆಯ ಮೇಲೆ ಕುಂತಿರುತ್ತಾಳೆ. ಉತ್ತರ ಬರೆದು ಅವಳ ಕೈಗೇ ಕೊಡಿ, ತರುತ್ತಾಳೆ. ಪ್ರಸಾದ ಕೊಟ್ಟು ಕಳಿಸಬೇಡಿ.