ಮೊದಲ ಗಟ್ಟಿ ಒಡೆದವಳು

ಪ್ರೀತಿಯ ಕಾಕಾ,

ನೆನಪಿದೆಯಾ, ಸನ್ನಿವೇಲ್ ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ ನೀವು ನನ್ನ ಕೆಲಸ ಕೇಳಿದ್ದು? ಕಾರು ಕಂಪನಿಯಲ್ಲಿ ಲೋಹದ ಪರೀಕ್ಷೆ ಮಾಡುತ್ತೇನೆ ಎಂದೆ. "ಹಂಗಾರ ಮೂಸಿ ಉಕ್ಕು ಗೊತ್ತೇನು?" ಅಂದಿರಿ. ಗೊತ್ತಿರಲಿಲ್ಲ. ಬೆಳಗಾವಿಯಲ್ಲಿ ಲೋಹಶಾಸ್ತ್ರ ಕಲಿಸಿ ನಿವೃತ್ತರಾಗಿ ಈ ದೇಶಕ್ಕೆ, ಮಗಳ ಮನೆಗೆ ಬಂದ ಮೇಷ್ಟ್ರು ನೀವು, ಸಾರು ಆರಿಹೋಗುವವರೆಗೂ ಹೇಳಿದಿರಿ: ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ದಕ್ಷಿಣದವರು ಕಬ್ಬಿಣದ ಚೂರು, ಕಟ್ಟಿಗೆ, ಎಲೆಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ಕರಗಿಸಿ ಉಕ್ಕು ಮಾಡುತ್ತಿದ್ದರು ಎಂದು.

ಆಮೇಲೆ ಸನ್ನಿವೇಲ್‌ಗೆ ಹತ್ತಿರದ ನೆವಾರ್ಕ್‌ನ ನಮ್ಮ ಹಿತ್ತಲಲ್ಲಿ ಕುಲುಮೆ ಕಟ್ಟಿದಿರಿ. ಹೊಗೆ ನೋಡಿ ಪಕ್ಕದವರು ಫೈರ್ ಎಂಜಿನ್ನು ಕರೆಸಿದಾಗ, ಬಂದವರಿಗೂ ಪಾಠ ಶುರು ಮಾಡಿದಿರಲ್ಲ! ನಿಮ್ಮ ಮಗಳು ವೀಣಾ ಬೈಯಲೂ ಆಗದೆ, ನಗಲೂ ಆಗದೆ... ನಾಲ್ಕು ತಿಂಗಳು ಒದ್ದಾಡಿ, ಮೂಸೆಗಳನ್ನು ನೀವೇ ಒಡೆದು ನೋಡಿ, ಅಂಗೈಯಗಲದ ಒಂದೇ ಉಕ್ಕಿನ ಗಟ್ಟಿ ಬಂತು ಎಂದಿರಿ. ನಿಮಗೆ ಸುತ್ತಿಗೆ ಎತ್ತಲಾಗುತ್ತಿರಲಿಲ್ಲ. ಗಟ್ಟಿಯನ್ನೂ ಸುತ್ತಿಗೆಯನ್ನೂ ನನಗೆ ಕೊಟ್ಟು, ಬಡಿದು ಚಾಕು ಮಾಡೆಂದು ಹೇಳಿ, "ಮಂದ ಕೆಂಪಿದ್ದಾಗ ಬಡೀಬೇಕು, ಶೈಲಾ. ಹಳದಿ ಆಗಾಕ ಬಿಡಬ್ಯಾಡ" ಎಂದಿರಿ.

ಅವತ್ತು ನಾನು ಕೇಳಿದೆನಾ? ದಿನಾ ಲೋಹದ ಜೊತೆ ಇರುವವಳೆಂಬ ಜಂಬ; ಕಾಸಿದಷ್ಟೂ ಮೆತ್ತಗಾಗುತ್ತದೆ ಎಂದುಕೊಂಡು ಹಳದಿಯಾಗುವವರೆಗೂ ಬಿಟ್ಟೆ. ಒಂದೇ ಏಟಿಗೆ ರಸ್ಕಿನ ಹಾಗೆ ಪುಡಿಯಾಯಿತು. ನನಗೆ ಅಳುವೇ ಬಂತು. ನೀವು ಚೂರು ಆರಿಸುತ್ತಾ, "ವಿಲಾಯತಿ ಕಂಬಾರರೂ ಮೊದಲ ಹಿಂಗ ಒಡದಿದ್ರವ್ವ. ಚಾ ಕುಡಿಯೋಣ ಬಾ" ಎಂದಿರಿ.

ಮುಂದಿನ ತಿಂಗಳೇ ನೀವು ಹೋಗಿಬಿಟ್ಟಿರಿ. ಅಪ್ಪನ ಕೊನೆಯ ಕೆಲಸ ಹಾಳು ಮಾಡಿದವಳು ಯಾವ ಮುಖ ಇಟ್ಟುಕೊಂಡು ಮಗಳ ಜೊತೆ ಮಾತಾಡಲಿ? ವೀಣಾಳ ಫೋನೇ ಎತ್ತಲಿಲ್ಲ.

ಹೋದ ಶನಿವಾರ ಅವಳೇ ಮನೆಗೆ ಬಂದಳು. ನಿಮ್ಮ ಸ್ವೆಟರುಗಳ ಕೆಳಗೆ ಇನ್ನೊಂದು ಗಟ್ಟಿ ಸಿಕ್ಕಿತಂತೆ. ಸುತ್ತಿದ ಕಾಗದದ ಮೇಲೆ ನಿಮ್ಮ ಅಕ್ಷರ: "ಇದು ಶೈಲಾಗ. ಮೊದಲನೇದು ಒಡೀತಾಳ ಅಂತ ಗೊತ್ತಿತ್ತು."

ಕಾಕಾ, ನನ್ನನ್ನು ಇಷ್ಟು ಚೆನ್ನಾಗಿ ಬಲ್ಲವರು, ಬಲ್ಲ ಮೇಲೂ ಕೈಗೆ ಸುತ್ತಿಗೆ ಕೊಟ್ಟವರು ಬೇರೆ ಯಾರಿದ್ದಾರೆ? ನಿಮ್ಮ ಋಣ ದೊಡ್ಡದು.

ನಿನ್ನೆ ಇಡೀ ದಿನ ನೀವು ಹೇಳಿದಂತೆಯೇ ಬಡಿದೆ. ಚಾಕು ಒಂಚೂರು ಸೊಟ್ಟಗಾಗಿದೆ, ಆದರೆ ಒಡೆದಿಲ್ಲ. ವೀಣಾ ಅದರಲ್ಲೇ ಬದನೆಕಾಯಿ ಸೀಳಿದಳು. ನಿಮ್ಮ ಕುಲುಮೆಯ ಹತ್ತಿರವೂ ಸುಳಿಯದಿದ್ದವಳು, "ಮುಂದಿನ್ದು ನಾ ಬಡೀತೀನಿ" ಅಂದಳು.

ಆಗಲಿ ಎಂದೆ. ಎರಡು ಗಟ್ಟಿ ಮಾಡುತ್ತೇನೆ, ಕಾಕಾ. ಅವಳಿಗೆ ಮಾತ್ರ "ಒಂದೇ ಬಂತು" ಎನ್ನುತ್ತೇನೆ.

ನಿಮ್ಮ
ಶೈಲಾ